ಹುಲಿಕುಂಟೆಯ ತವರು

ಒಂದು ಮರದ ಕುರ್ಚಿ. ಅದರ ಹಿಂದೆ, ಸುಣ್ಣ ಉದುರಿದ ಗೋಡೆಯ ಮೇಲೆ, ಎರಡು ಮೊಳೆಗಳಿಗೆ ಸಿಕ್ಕಿಸಿ ಇಳಿಬಿಟ್ಟ ಬಿಳಿಯ ಪಂಚೆ. ಪಂಚೆಯ ಹಸಿರು ಅಂಚು ಚಿತ್ರದೊಳಗೆ ಇಣುಕದಿರಲೆಂದು ಅದನ್ನು ಒಳಕ್ಕೆ ಮಡಿಚಿ ಪಿನ್ನು ಚುಚ್ಚಲಾಗಿದೆ. ಕುರ್ಚಿಯಲ್ಲಿ ನಲವತ್ತು ದಾಟಿದ ಒಬ್ಬ ಹೆಂಗಸು. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದರಿಂದ ಎರಡು ಕಿವಿಗಳೂ ಬರಿದಾಗಿ, ಯಾರದೋ ಮಾತಿಗೆ ಕಾದಂತೆ, ತೆರೆದುಕೊಂಡಿವೆ. ತುಟಿ ಮುಚ್ಚಿದೆ, ಕಣ್ಣು ನೇರವಾಗಿದೆ. ನಗುವಂತಿಲ್ಲ, ಮುಖ ಬಾಡಿಸುವಂತಿಲ್ಲ, ನೆರಳು ಬೀಳುವಂತಿಲ್ಲ. ಅಂಗಳದ ಬಿಸಿಲು ಅವಳ ಕಾಲ್ಬೆರಳಿನವರೆಗೆ ಬಂದು, ಮುಂದೆ ಬರಲು ಅಪ್ಪಣೆಯಿಲ್ಲದ ಹಾಗೆ ನಿಂತಿದೆ. ಬೇಲಿಯಾಚೆ, ಒಂದು ಕಾಲಕ್ಕೆ ಕಡಲೆಕಾಯಿ ಬಳ್ಳಿ ಹಬ್ಬುತ್ತಿದ್ದ ನೆಲದಲ್ಲಿ, ಸೋಲಾರ್ ಫಲಕಗಳ ಸಾಲುಸಾಲು ಆಕಾಶಕ್ಕೆ ಮುಖವೊಡ್ಡಿ ಸುಮ್ಮನಿವೆ. ಗೋಡೆಯ ಬುಡದಲ್ಲಿ ಒಂದು ಕೋಳಿ ಎತ್ತಿದ ಕಾಲನ್ನು ಇನ್ನೂ ಇಳಿಸಿಲ್ಲ.

"ರೆಪ್ಪೆ ಹೊಡೀಬ್ಯಾಡ್ರಕ್ಕಾ," ಎಂದ ನಾಗಭೂಷಣ್.

ಕೋಳಿ ಕಾಲಿಳಿಸಿತು. ಚಿತ್ರ ಮುಗಿಯಿತು.

ನಾಗಭೂಷಣ್ ಕೊರಟಗೆರೆಯ ಕಡೆಯವನು. ಪಾವಗಡದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಮೊಬೈಲನ್ನು ತಿರುಗಿಸಿ ಅವಳಿಗೆ ತೋರಿಸಿದ. "ನೋಡಿ, ಈ ಸಲ ಕಿವಿ ಎರಡೂ ಬಂದವೆ. ಹೋದ ಸಲದ ಫೋಟೊ ಯಾಕೆ ವಾಪಸ್ ಬಂತು ಗೊತ್ತಾ? ಹಿಂದೆ ಒಂಚೂರು ನೆಳ್ಳು ಬಿದ್ದಿತ್ತಂತೆ. ನೆಳ್ಳಿಗೂ ವೀಸಾ ಕೇಳ್ತಾರೆ ಇವ್ರು."

ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ ಅತ್ತೆ ಈಶ್ವರಮ್ಮ ಅಲ್ಲಿಂದಲೇ ಅಂದಳು: "ಮಕ ನೋಡು, ಬಣಬಣ ಅಂತೈತೆ. ಒಸಿ ನಗಾಡಿದ್ರೆ ಸರ್ಕಾರದೋರ ಗಂಟೇನು ಹೋಗ್ತಿತ್ತು?"

ಶ್ರೀಯಾನಿ ಆಗ ನಕ್ಕಳು. ಆದರೆ ಆ ನಗುವಿನ ಕೆಳಗೆ, ಬಾವಿಯ ತಳದಲ್ಲಿ ಉಳಿದ ನೀರಿನಂತೆ, ಒಂದು ತಣ್ಣನೆಯ ಹೆದರಿಕೆ ಅಲುಗಾಡದೆ ಇತ್ತು.

ಅವಳು ಈ ಕ್ಯಾತಗಾನಚೆರ್ಲುವಿಗೆ ಬಂದು, ಒಬ್ಬ ಮಗಳು ಹುಟ್ಟಿ ಬೆಳೆದು ಮಧುಗಿರಿಯ ಕಾಲೇಜು ಸೇರುವಷ್ಟು ಕಾಲ ಸಂದಿತ್ತು. ಹುಟ್ಟಿದ್ದು ಮಾತ್ರ ಶ್ರೀಲಂಕಾದ ಕುರುನೆಗಲದ ಹತ್ತಿರದ ಒಂದು ಹಳ್ಳಿಯಲ್ಲಿ. ಕುವೈತಿನ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅದೇ ಬೀದಿಗೆ ನೀರಿನ ಲಾರಿ ತರುತ್ತಿದ್ದ ತಿಪ್ಪೇಶನ ಪರಿಚಯವಾಯಿತು. ಅವನ ಲಾರಿಯ ಗಾಜಿನ ಮೇಲೆ ಬುದ್ಧನ ಪಟವಿತ್ತು. 'ನಿಮ್ಮ ಊರಲ್ಲೂ ಇವರಿದ್ದಾರಾ?' ಎಂದು ಅವಳು ಕೇಳಿದ್ದೇ ಮೊದಲ ಮಾತು. ಮುಂದಿನದೆಲ್ಲ ಎಲ್ಲ ಮದುವೆಗಳಂತೆ ಆಯಿತು. ಅವಳು ಕನ್ನಡ ಕಲಿತಳು, ಮುದ್ದೆ ತಿರುವುವುದನ್ನು ಕಲಿತಳು, ಪಾವಗಡದವರು ಕನ್ನಡದೊಳಗೆ ತೆಲುಗನ್ನು ಒಗ್ಗರಣೆಯಂತೆ ಸಿಡಿಸುವುದನ್ನೂ ಕಲಿತಳು. ಕಲಿಯದೆ ಉಳಿದದ್ದು ಒಂದೇ: ತನ್ನ ಪಾಸ್‌ಪೋರ್ಟನ್ನು ಬಿಟ್ಟುಕೊಡುವುದು. ಊರಿನಲ್ಲಿ ತಾಯಿ ಬದುಕಿದ್ದಳು; ಅಲ್ಲಿಗೆ ಹೋಗಿಬರುವ ದಾರಿಯನ್ನು ತಾನೇ ಮುಚ್ಚಲು ಮನಸ್ಸಾಗಲಿಲ್ಲ. ತಿಪ್ಪೇಶನೂ 'ಮುಂದಿನ ವರ್ಷ ನೋಡೋಣ ಬುಡು' ಎನ್ನುತ್ತಲೇ ಇದ್ದ. ಭಾರತೀಯನ ಹೆಂಡತಿ ಎಂಬ ಆಧಾರದ ಮೇಲೆ ಅವಳ ವಾಸದ ಅನುಮತಿ ಕಂತುಕಂತಾಗಿ ಮುಂದುವರಿಯುತ್ತ ಬಂತು. ಅರ್ಜಿ, ಫೋಟೊ, ಠಾಣೆ, ಬೆಂಗಳೂರಿನ ಕಚೇರಿ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ತೋರಿಸಿದ ಜಾಗದಲ್ಲಿ ಸಹಿ ಮಾಡುವುದಷ್ಟೇ ಅವಳ ಪಾಲಿನದು.

ಹೋದ ವರ್ಷದ ಬೇಸಿಗೆಯಲ್ಲಿ ತಿಪ್ಪೇಶ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮುಂದೆ ಕುರುನೆಗಲದ ತಾಯಿಯೂ ಹೋದಳು. ಗಂಡನ ಹೆಸರಿನ ಮೇಲೆ ನಿಂತಿದ್ದ ಅನುಮತಿಯ ಅವಧಿ ಈ ಕಾರ್ತಿಕದ ಕೊನೆಗೆ ಮುಗಿಯುವುದಿತ್ತು. ವಿಧವೆಯೆಂದು ಬೇರೆಯೇ ಪರಿಶೀಲನೆಯಂತೆ. ಗಂಡ ಸತ್ತ ಮೇಲೂ ಅದೇ ಮನೆಯಲ್ಲಿ, ಗಂಡನ ಕಡೆಯವರೊಂದಿಗೆ ಅವಳು ಬದುಕುತ್ತಿದ್ದಾಳೆಂದು ಸ್ಥಳೀಯ ಪೊಲೀಸರು ವರದಿ ಕೊಡಬೇಕಂತೆ. ಹಳೆಯ ಪಾಸ್‌ಪೋರ್ಟು, ಹೊಸ ಪಾಸ್‌ಪೋರ್ಟು ಎರಡನ್ನೂ ರಬ್ಬರ್ ಬ್ಯಾಂಡ್ ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದಳು. ಒಂದರಲ್ಲಿ ಇದುವರೆಗಿನ ಅನುಮತಿ, ಇನ್ನೊಂದರಲ್ಲಿ ಮುಂದಿನ ಆಯುಷ್ಯ. ಒಂದನ್ನು ಬಿಟ್ಟರೆ ಇನ್ನೊಂದು ಮೂಕ. ಬೆಳಿಗ್ಗೆ ಒಲೆ ಹೊತ್ತಿಸುವ ಮುನ್ನ ಪೆಟ್ಟಿಗೆಯ ಮುಚ್ಚಳ ತೆರೆದು ಅವು ಅಲ್ಲಿವೆಯೇ ಎಂದು ನೋಡುವುದು ಅಭ್ಯಾಸವಾಗಿತ್ತು. ಇದ್ದೇ ಇರುತ್ತಿದ್ದವು. ಆದರೂ ನೋಡುತ್ತಿದ್ದಳು.

ಹೊಸ ಫೋಟೊ ಕಳಿಸಿ ಎರಡು ವಾರವಾಗುವಷ್ಟರಲ್ಲಿ ನಾಗಭೂಷಣ್ ಫೋನು ಮಾಡಿದ. ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಅಕ್ಕಾ, ಅಂಗಡಿ ತಾವ ಒಂದ್ಸಲ ಬನ್ನಿ. ಫೋನಾಗೆ ಬ್ಯಾಡ."

ಅಂಗಡಿಯಲ್ಲಿ ಅವನು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ, ಒಂದೊಂದೇ ಮಾತನ್ನು ಕಲ್ಲು ಆರಿಸಿದಂತೆ ಆರಿಸಿ ಹೇಳಿದ. ಸ್ಥಳೀಯ ಪೊಲೀಸರ ವರದಿಯ ಪ್ರಕಾರ ಆ ವಿಳಾಸದಲ್ಲಿ ಯಾವ ವಿದೇಶಿ ಪ್ರಜೆಯೂ ವಾಸವಿಲ್ಲ. ಅಲ್ಲಿರುವ ಸೊಸೆ ಶಿರಾ ತಾಲ್ಲೂಕು ಹುಲಿಕುಂಟೆಯ ಮಹಾಲಿಂಗಯ್ಯ ಎಂಬುವರ ಮಗಳು. ಆದ್ದರಿಂದ ಅರ್ಜಿದಾರರು ಏಳು ದಿನದೊಳಗೆ ಸರಿಯಾದ ವಿವರಣೆಯನ್ನೂ ಹೊಸ ವರದಿಯನ್ನೂ ಒದಗಿಸಬೇಕು; ಇಲ್ಲವಾದರೆ ಅರ್ಜಿಯನ್ನು ಮುಚ್ಚಿ, ದೇಶ ಬಿಟ್ಟು ಹೋಗಲು ಸೂಚಿಸಲಾಗುವುದು.

"ನಾನಿಲ್ಲೇ ಇದೀನಲ್ಲ, ನಾಗಭೂಷಣ್," ಎಂದಳು ಶ್ರೀಯಾನಿ.

"ಇದೀರಾ ಅಕ್ಕ. ಕಾಣ್ತಾ ಇದೀರಾ. ಆದ್ರೆ ಕಂಪ್ಯೂಟರ್‌ನಾಗೆ ನೀವಿಲ್ಲ."

ಬಸ್ಸಿನಲ್ಲಿ ಕೂತು ಊರಿಗೆ ಮರಳುವಾಗ ಕಿಟಕಿಯಾಚೆ ಎಲ್ಲವೂ ಇದ್ದವು. ಹುಣಿಸೆಮರ, ಒಣಗಿದ ಹಳ್ಳ, ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿ. ಎಲ್ಲದಕ್ಕೂ ಇಲ್ಲಿರುವ ಹಕ್ಕಿತ್ತು. ಒಂದು ಸಹಿಯಿಲ್ಲದೆ ಬೇವಿನಮರ ನಿಂತಿತ್ತು. ತಾನು ಹೊರಟರೆ ಎಲ್ಲಿಗೆ? ಅಲ್ಲಿ ತಾಯಿಯಿಲ್ಲ, ಮನೆ ಅಣ್ಣನ ಮಕ್ಕಳದು. ಮಗಳು ಬಿಂದುಶ್ರೀ ಭಾರತದ ಪ್ರಜೆ. ಅವಳು ಇಲ್ಲೇ ಉಳಿಯಬೇಕು. ಒಮ್ಮೆ ಹೊರಗೆ ಹೋದವಳಿಗೆ, ಗಂಡನಿಲ್ಲದವಳಿಗೆ, ಮತ್ತೆ ಬರಲು ಯಾವ ಬಾಗಿಲು?

ಮನೆ ಮುಟ್ಟುತ್ತಲೇ ಅತ್ತೆಯನ್ನು ಕೇಳಿದಳು: "ಅತ್ತೆ, ನಾನಿಲ್ದಾಗ ಪೊಲೀಸ್ನೋರು ಬಂದಿದ್ರಾ?"

"ಪೋಲೀಸ್ನೋನು ಅಂತ ಹೇಳ್ಳಿಲ್ಲಮ್ಮಾ. ನೀನು ಬಿಂದು ಹಾಸ್ಟೆಲಿಗೆ ಹೋಗಿದ್ಯಲ್ಲ, ಆವತ್ತು ಒಬ್ಬ ಬಂದಿದ್ದ. ಪ್ಯಾಂಟು, ಸರ್ಟು, ಗಾಡಿ. 'ಇಲ್ಲಿ ಫಾರಿನ್ ಹೆಂಗಸು ಯಾರಾನಾ ಅವ್ರಾ?' ಅಂದ. 'ಫಾರಿನ್ನೋರು ಈ ಬೀದಿಗೆ ಯಾಕೆ ಬರ್ತಾರಪ್ಪಾ, ಸೋಲಾರ್ ಆಫೀಸು ತಾವ ಹೋಗಿ ಕೇಳು' ಅಂದೆ." ಈಶ್ವರಮ್ಮನ ಮುಖದಲ್ಲಿ ಗೆದ್ದು ಬಂದವರ ಸಮಾಧಾನವಿತ್ತು. "ಆಮೇಲೆ 'ನಿನ್ ಸೊಸೆ ಯಾವೂರು' ಅಂದ. 'ಹುಲಿಕುಂಟೆ' ಅಂದೆ. ಏಮೈಂದಮ್ಮಾ? ಮಕ ಯಾಕೆ ಅಂಗಾಯ್ತು?"

ಮೋಟುಗೋಡೆಯ ಆಚೆಯಿಂದ ಪಕ್ಕದ ಮನೆಯ ಮಾರಕ್ಕ ತಲೆಯೆತ್ತಿದಳು. "ನಾನೂ ಹೇಳ್ದೆ ಕಣಮ್ಮಿ. ಅವನು ನನ್ತಾವೂ ಬಂದ. 'ನಮ್ಮಣ್ಣ ಮಾಲಿಂಗಣ್ಣನ ಮಗಳು ಕಣಪ್ಪ ಅವಳು, ಬೇಕಾದ್ರೆ ಫೋನ್ ನಂಬ್ರ ಕೊಡ್ತೀನಿ' ಅಂದೆ. ಬರ್ಕಂಡ. ಯಾಕೆ, ಸುಳ್ಳಾ?"

ಸುಳ್ಳಲ್ಲ. ಶ್ರೀಯಾನಿಗೆ ಅದೇ ಕಷ್ಟವಾಗಿತ್ತು. ತಿಪ್ಪೇಶ ಅವಳನ್ನು ಕರೆತಂದ ವರ್ಷ ಹಿರಿಯರು ಮೊದಲು ಕೇಳಿದ್ದು ಅವಳ ದೇಶವನ್ನಲ್ಲ, ಭಾಷೆಯನ್ನಲ್ಲ: 'ತವರು ಯಾವುದು?' ತವರಿಲ್ಲದ ಹೆಣ್ಣಿಗೆ ಬಾಣಂತನ ಮಾಡುವವರಿಲ್ಲ, ಗೌರಿಹಬ್ಬಕ್ಕೆ ಬಳೆ ತರುವವರಿಲ್ಲ, ಗಂಡನ ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ಬಂದು ಜಗಲಿಯಲ್ಲಿ ಕೂತು ಒಮ್ಮೆ ಗಟ್ಟಿಯಾಗಿ ಕೆಮ್ಮುವ ಗಂಡಸಿಲ್ಲ. ಅಂಥವಳನ್ನು ಮನೆ ತುಂಬಿಸಿಕೊಳ್ಳುವುದು ಹೇಗೆ? ಮಾರಕ್ಕ ಆಗ ಹುಲಿಕುಂಟೆಯಿಂದ ತನ್ನಣ್ಣ ಮಹಾಲಿಂಗಯ್ಯನನ್ನು ಕರೆಸಿದಳು. ಗಂಡುಮಕ್ಕಳಷ್ಟೇ ಇದ್ದ ಅವನೂ ಅವನ ಹೆಂಡತಿಯೂ ಶ್ರೀಯಾನಿಯನ್ನು ಮಣೆಯ ಮೇಲೆ ಕೂರಿಸಿ, ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬಿ, 'ಇವತ್ತಿನಿಂದ ಇವಳು ಹುಲಿಕುಂಟೆ ಹೆಣ್ಣು' ಎಂದು ಹತ್ತು ಜನರ ಮುಂದೆ ಹೇಳಿದರು. ಬಿಂದು ಹುಟ್ಟಿದ್ದು ಹುಲಿಕುಂಟೆಯ ಆ ಮನೆಯಲ್ಲೇ. ಹೆಂಡತಿ ತೀರಿಕೊಂಡ ಮೇಲೂ ಮಹಾಲಿಂಗಯ್ಯ ಒಂದು ಗೌರಿಹಬ್ಬವನ್ನೂ ತಪ್ಪಿಸಿದವನಲ್ಲ. ಹಾಗಾಗಿ ಬೀದಿಯವರು ಪೊಲೀಸರಿಗೆ ಹೇಳಿದ್ದು ಅವರು ಕಂಡ, ಉಂಡ, ಸಾಕ್ಷಿಯಾದ ನಿಜವನ್ನೇ.

ಶ್ರೀಯಾನಿ ಜಗಲಿಯ ಕಂಬಕ್ಕೊರಗಿ ಕೂತು, ಆ ನಿಜದಿಂದ ಏನಾಗಿದೆ ಎಂಬುದನ್ನು ಇಬ್ಬರಿಗೂ ಬಿಡಿಸಿ ಹೇಳಿದಳು.

"ಅಯ್ಯೋ ದೇವುಡಾ," ಎಂದಳು ಈಶ್ವರಮ್ಮ. ಕೈಯಲ್ಲಿದ್ದ ಕಡಲೆಕಾಯಿ ಮೊರಕ್ಕೆ ಬಿತ್ತು. "ಈಗೇನು ಮಾಡ್ಬೇಕು?"

"ನಾನು ಬೇರೆ ದೇಶದೋಳು ಅಂತ ನೀವೇ ಹೇಳ್ಬೇಕು ಅತ್ತೆ. ಅವರ ಮುಂದೆ."

ಈಶ್ವರಮ್ಮ ಮೊರದಲ್ಲಿ ಬಿದ್ದ ಕಾಯನ್ನು ಹುಡುಕತೊಡಗಿದಳು. ತಿಪ್ಪೇಶನ ತಿಥಿಯ ದಿನ ಅವನ ಚಿಕ್ಕಪ್ಪ 'ಪರದೇಶದೋಳು, ಇನ್ನೇನು ಇಲ್ಲಿ ನಿಲ್ತಾಳಾ?' ಎಂದಿದ್ದ. ಈಶ್ವರಮ್ಮ ಅವನ ಮುಂದಿನ ಎಲೆಯನ್ನು ಎತ್ತಿ ಆಚೆಗಿಟ್ಟಿದ್ದಳು. ಅವನೊಡನೆ ಇಂದಿಗೂ ಮಾತಿಲ್ಲ.

"ಆ ಮಾತು ನನ್ ಬಾಯಾಗೆ ಬರಲ್ಲಮ್ಮಾ," ಎಂದು ಕೊನೆಗೆ ಹೇಳಿ, ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಠಾಣೆಯಲ್ಲಿ ಮುಖ್ಯಪೇದೆ ಮೋಹನ್ ಕುಮಾರ್ ಅವಳ ಎರಡು ಪಾಸ್‌ಪೋರ್ಟುಗಳನ್ನೂ ಎದುರಿಗಿಟ್ಟುಕೊಂಡು, ಒಮ್ಮೆ ಅವನ್ನೂ ಒಮ್ಮೆ ಅವಳನ್ನೂ ನೋಡಿದ. ಕೆಟ್ಟವನಲ್ಲ, ದಣಿದವನು.

"ಅಲ್ಲಾಮ್ಮಾ, ನಾನು ಮನೆ ಬಾಗ್ಲಿಗೆ ಹೋಗಿ, ಪಕ್ಕದ್ಮನೇನೂ ಕೇಳಿ ಬರ್ದಿದೀನಿ. ಈಗ ಮೇಲ್ನೋರು ನನ್ನ ಏನು ಕೇಳ್ತಾರೆ? 'ಹೋಗಿ ಬರ್ದ್ಯೋ, ಇಲ್ಲ ಹುಣಿಸೆಮರದ ಕೆಳಗೆ ಕೂತು ಬರ್ದ್ಯೋ' ಅಂತ. ನಿಮ್ಮ ಬೀದಿಯೋರ ಪ್ರೀತಿ ನನ್ನ ನೌಕ್ರಿಗೆ ಬಂದು ಕೂತದೆ."

"ತಪ್ಪಾಯ್ತು ಸಾರ್. ಅವರಿಗೆ ಗೊತ್ತಾಗ್ಲಿಲ್ಲ."

"ಗೊತ್ತಾಗ್ದೆ ಏನು, ಅಪ್ಪನ ಹೆಸರು, ಊರು, ಫೋನ್ ನಂಬರ್ ಎಲ್ಲ ಕೊಟ್ಟವ್ರೆ! ರೆಕಾರ್ಡಲ್ಲಿ ಈಗ ನಿಮಗಿಬ್ರು ಅಪ್ಪಂದಿರು. ಪಾಸ್‌ಪೋರ್ಟಲ್ಲಿ ಒಬ್ರು, ನನ್ ವರದೀಲಿ ಒಬ್ರು." ಅವನು ಪಾಸ್‌ಪೋರ್ಟುಗಳನ್ನು ಮುಚ್ಚಿ, ರಬ್ಬರ್ ಬ್ಯಾಂಡನ್ನು ತಾನೇ ಹಾಕಿ ಮುಂದಕ್ಕೆ ಸರಿಸಿದ. "ಶುಕ್ರವಾರ ನಾನೇ ಬತ್ತೀನಿ. ನಿಮ್ಮತ್ತೆ, ಪಕ್ಕದ್ಮನೆಯೋರು, ಆಮೇಲೆ ಆ ಹುಲಿಕುಂಟೆ ಯಜಮಾನ್ರು, ಮೂರು ಜನದ ಹೇಳಿಕೆ ಬೇಕು. ಅದು ಮಧುಗಿರಿಗೆ ಹೋಗಿ ಅಲ್ಲಿಂದ ಮೇಲಕ್ಕೆ ಹೋಗ್ಬೇಕು. ಒಬ್ರು ತಪ್ಪಿದ್ರೂ ನಾನು ಬರೆಯಲ್ಲ. ಆಮೇಲೆ ನನ್ನ ಬೈಕೋಬೇಡಿ."

ಅದೇ ಮಧ್ಯಾಹ್ನ ಅವಳು ಹುಲಿಕುಂಟೆಗೆ ಹೊರಟಳು. ಮಧುಗಿರಿಯಲ್ಲಿ ಬಸ್ಸು ಬದಲಿಸುವಾಗ ಬಿಂದುಶ್ರೀ ಕಾಲೇಜಿನಿಂದ ನಿಲ್ದಾಣಕ್ಕೆ ಓಡಿಬಂದಿದ್ದಳು. ತಾಯಿಯ ಕೈ ಹಿಡಿದವಳು ಬಿಡಲಿಲ್ಲ.

"ನಿನ್ನ ಕಳಿಸ್ಬುಟ್ರೆ ನಾನೂ ಬಂದ್ಬುಡ್ತೀನಮ್ಮಾ."

"ಬಂದು? ಅಲ್ಲಿ ನೀನು ಫಾರಿನ್ನೋಳು. ನಿನ್ನ ವೀಸಾಗೆ ನಾನು ಓಡಾಡ್ಬೇಕು," ಎಂದು ಶ್ರೀಯಾನಿ ನಗಿಸಲು ನೋಡಿದಳು. ಹುಡುಗಿ ನಗಲಿಲ್ಲ. ಊರಿನ ಮೇಲೆ ಆ ಒಂದೇ ಕಲ್ಲಿನ ಬೆಟ್ಟ ಬಿಸಿಲಿನಲ್ಲಿ ಬೂದಿಬಣ್ಣಕ್ಕೆ ತಿರುಗಿತ್ತು. ಕುರುನೆಗಲದ ನೆತ್ತಿಯ ಮೇಲೂ ಹೀಗೇ ಒಂದು ಬಂಡೆ, ಮಲಗಿದ ಆನೆಯ ಹಾಗೆ. ಮೊದಲ ಸಲ ಈ ದಾರಿಯಲ್ಲಿ ಬಂದಾಗ, ಊರು ಬದಲಾದರೂ ಕಲ್ಲು ಬದಲಾಗಲಿಲ್ಲ ಎಂದು ಅವಳಿಗೆ ಧೈರ್ಯವಾಗಿತ್ತು. ಇಂದು ಅನಿಸಿದ್ದು ಬೇರೆ: ಕಲ್ಲನ್ನು ಯಾರೂ ಎಬ್ಬಿಸಿ ಕಳಿಸುವುದಿಲ್ಲ.

ಮಹಾಲಿಂಗಯ್ಯ ಕುರಿಹಟ್ಟಿಯ ಬೇಲಿಗೆ ಜಾಲಿಮುಳ್ಳು ಕಟ್ಟುತ್ತಿದ್ದ. ಎಪ್ಪತ್ತು ದಾಟಿದ ಒಣಮೈ, ಹೆಗಲ ಮೇಲೆ ಕೆಂಪು ವಲ್ಲಿ. ಅವಳನ್ನು ಕಂಡು ಮುಳ್ಳು ಬಿಟ್ಟು ಬಂದ.

"ಏನವ್ವಾ, ಫೋನೂ ಇಲ್ಲ, ಸುದ್ದೀನೂ ಇಲ್ಲ, ಇಂಗೆ ಬಂದ್ಬುಟ್ಟೆ? ಈಸ್ವರಮ್ಮ ಏನಾನಾ ಅಂದ್ಳಾ?"

"ಇಲ್ಲಪ್ಪ. ಶುಕ್ರವಾರ ನಮ್ಮೂರಿಗೆ ಬರ್ಬೇಕು. ನನ್ನ ವೀಸಾ ವಿಚಾರಕ್ಕೆ ಪೊಲೀಸ್ನೋರು ನಿನ್ನ ಒಂದು ಮಾತು ಕೇಳ್ತಾರೆ."

"ಏನು, ನೀನು ನನ್ ಮಗಳು ಅಂತ ಹೇಳ್ಬೇಕಾ?" ಅವನ ಮುಖ ಅರಳಿತು. "ಪೋಲೀಸ್ನೋನಲ್ಲ, ಅವರಪ್ಪ ಬಂದು ಕೇಳ್ಲಿ, ನೂರ್ ಸಲ ಹೇಳ್ತೀನಿ ಬುಡು. ಅದಕ್ಕೆ ಇಷ್ಟು ದೂರ ಬಸ್ಸಾಗೆ ಬಂದ್ಯಾ, ಹುಚ್ಚಿ? ಬಾ, ಮೊದ್ಲು ಉಣ್ಣು."

ಅವಳು ಬಾಯಿ ತೆರೆದಳು. ಮಾತು ಅಲ್ಲೇ, ಗಂಟಲಿನ ತಿರುವಿನಲ್ಲಿ, ಮುಳ್ಳಿಗೆ ಸಿಕ್ಕ ಬಟ್ಟೆಯಂತೆ ನಿಂತಿತು. ಎಳೆದರೆ ಹರಿಯುತ್ತದೆ. ಉಂಡಳು, ಸೊಸೆಯಂದಿರೊಡನೆ ಮಾತಾಡಿದಳು, ಹೇಳಬೇಕಾದ್ದನ್ನು ಹೇಳದೆಯೇ ಬಂದುಬಿಟ್ಟಳು.

ಶುಕ್ರವಾರ ಬೆಳಗಿನ ಬಸ್ಸಿಗೇ ಮಹಾಲಿಂಗಯ್ಯ ಬಂದಿಳಿದ. ಒಗೆದ ಬಿಳಿ ಅಂಗಿ ತೊಟ್ಟಿದ್ದ, ಗಡ್ಡ ಹೆರೆಸಿಕೊಂಡಿದ್ದ. ಮದುವೆಗೆ ಬಂದವನ ಹಾಗೆ ಜಗಲಿಯ ನಡುವೆ ಕೂತ. ಅವನಿಗೆ ಮೊದಲೇ ಹೇಳಿಬಿಡಬೇಕೆಂದು ಶ್ರೀಯಾನಿ ನೀರಿನ ಚೊಂಬು ಹಿಡಿದು ಬಂದಳು. ಅಷ್ಟರಲ್ಲಿ ಬಾಗಿಲಲ್ಲಿ ಗಾಡಿಯ ಸದ್ದಾಯಿತು. ಮೋಹನ್ ಕುಮಾರ್ ಈ ಸಲ ಸಮವಸ್ತ್ರದಲ್ಲಿ ಬಂದಿದ್ದ. ಒಳಮನೆಯ ಚಾಪೆಯ ಮೇಲೆ ಎಲ್ಲರೂ ಕೂತರು. ಮೇಲೆ ಗೋಡೆಯಲ್ಲಿ ತಿಪ್ಪೇಶನ ಫೋಟೊ. ಅದಕ್ಕೆ ಹಾಕಿದ್ದ ಸೇವಂತಿಗೆ ನಿನ್ನೆಯದು.

"ಅಜ್ಜಿ, ಹೋದ ಸಲ ನನಗೆ ಚೆನ್ನಾಗಿ ಟೋಪಿ ಹಾಕಿದ್ರಿ. ಈಗ ಇದ್ದದ್ದು ಇದ್ದಂಗೆ ಹೇಳಿ. ನಿಮ್ ಸೊಸೆ ಯಾವ ದೇಶ?"

ಈಶ್ವರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಮೂರು ದಿನದಿಂದ ಅವಳು ಸೊಸೆಯ ಕಣ್ಣು ತಪ್ಪಿಸಿ ಓಡಾಡಿದ್ದಳು. ಈಗ ಮಗನ ಫೋಟೊದ ಕಡೆಗೊಮ್ಮೆ ನೋಡಿ, ಒಂದೇ ಉಸಿರಿಗೆ ಹೇಳಿದಳು: "ಸಿಲೋನು. ಸಿಲೋನಿನ ಹೆಂಗಸು. ನನ್ ಮಗ ಕುವೈತಿಂದ ಕಟ್ಕಂಡು ಬಂದ. ಬರ್ಕ. ಆದ್ರೆ..."

"ಆದ್ರೆ ಬ್ಯಾಡಜ್ಜಿ. ಅದಕ್ಕೆ ಕಾಲಂ ಇಲ್ಲ."

"ಕಾಲಂ ಇಲ್ದಿದ್ರೆ ಪಕ್ಕದಾಗೆ ಬರಿ. ಮಗ ಸತ್ತ ಮ್ಯಾಲೆ ನನ್ನ ನೋಡ್ಕಂತಿರೋದು ಅವಳೇ ಅಂತ."

ಮೋಹನ್ ಕುಮಾರ್ ತಲೆ ಕೆರೆದುಕೊಂಡ. ಒಂದು ಕ್ಷಣ ಯೋಚಿಸಿ, "ಅದು ಬರೀಬೋದು. ಅದು ಒಳ್ಳೇದೇ," ಎಂದು ಬರೆದುಕೊಂಡ. ಮಾರಕ್ಕನ ಸರದಿ ಬೇಗ ಮುಗಿಯಿತು. ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿ, ಬೈಸಿಕೊಂಡು, ಹೆಬ್ಬೆಟ್ಟೊತ್ತಿದಳು.

ಮಹಾಲಿಂಗಯ್ಯ ಇದನ್ನೆಲ್ಲ ಕೇಳುತ್ತ ಕೇಳುತ್ತ, ಜಾತ್ರೆಯಲ್ಲಿ ದಾರಿ ತಪ್ಪಿದವನ ಹಾಗೆ, ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದ್ದ.

"ಯಜಮಾನ್ರೇ, ನೀವು. ಈ ಶ್ರೀಯಾನಿ ಅನ್ನೋರು ನಿಮ್ಮ ಮಗಳಲ್ಲ, ನಿಮಗೂ ಅವರಿಗೂ ಸಂಬಂಧ ಇಲ್ಲ. ಹಿಂಗೆ ಬರ್ಕೊಂತೀನಿ. ಓದಿ ಹೇಳ್ತೀನಿ, ಸೈನ್ ಮಾಡಿ."

"ಏನಂದೆ?"

ಮೋಹನ್ ಕುಮಾರ್ ಇನ್ನೊಮ್ಮೆ ಹೇಳಿದ.

"ಹತ್ತು ಜನದ ಮುಂದೆ ಅಕ್ಕಿ ತುಂಬಿದೋನು ನಾನು," ಎಂದ ಮಹಾಲಿಂಗಯ್ಯ. ದನಿ ಎತ್ತರವಾಗಲಿಲ್ಲ. "ನನ್ನ ಹೆಂಡ್ರು ಈ ಮಗೀಗೆ ಬಾಣಂತನ ಮಾಡವ್ಳೆ. ಅವಳು ಸಾಯೋವಾಗ ಬಾಯಿಗೆ ನೀರು ಬಿಟ್ಟಿದ್ದು ಇವಳ ಕೈ. ಈಗ ಯಾವ ಬಾಯಾಗೆ ಅಲ್ಲ ಅನ್ನಲಿ? ರಗ್ತ ಇಲ್ಲ ಅಂತ ಬರ್ಕಳಪ್ಪಾ. ಹೊರಗ್ನಿಂದ ಬಂದೋಳು ಅಂತಾನೂ ಬರ್ಕ. ಮಗಳಲ್ಲ ಅಂತ ಬರೀಬ್ಯಾಡ."

"ಅಯ್ಯೋ ಯಜಮಾನ್ರೇ, ನನ್ ಮೊದಲ್ನೇ ವರದೀಲಿ 'ಮಗಳು' ಅಂತ್ಲೇ ಇರೋದು. ಅದನ್ನ ಹೊಡೀಬೇಕು ಅಂದ್ರೆ 'ಮಗಳಲ್ಲ' ಅಂತ್ಲೇ ಬರೀಬೇಕು. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಬರ್ದ್ರೆ ಮಧುಗಿರೀಲೇ ವಾಪಸ್ ಹಾಕ್ತಾರೆ. ಸೋಮವಾರ ಕೊನೆ."

"ವಾಪಸ್ ಹಾಕ್ಲಿ. ನನ್ ಕೈಲಾಗಲ್ಲ."

ಮೋಹನ್ ಕುಮಾರ್ ಪೆನ್ನಿನ ಮುಚ್ಚಳ ಹಾಕಿದ. ಆ ಚಿಕ್ಕ 'ಟಿಕ್' ಸದ್ದು ಶ್ರೀಯಾನಿಯ ಮೈಯೊಳಗೆ ಎಲ್ಲೋ ಕೇಳಿಸಿತು. ಈಶ್ವರಮ್ಮ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು. ಮಾರಕ್ಕ, "ಅಣ್ಣಾ, ಬಾಯ್ಮಾತು ಅನ್ಕಂಡು ಹೇಳ್ಬುಡಣ್ಣ," ಎಂದಳು.

"ಅವತ್ತು ಹೇಳಿದ್ದೂ ಬಾಯ್ಮಾತೇ ಕಣಮ್ಮಿ ಮಾರಿ," ಎಂದ ಅವನು.

ಶ್ರೀಯಾನಿ ಎದ್ದು ಬಂದು ಅವನ ಮುಂದೆ ನೆಲದ ಮೇಲೆ ಕೂತಳು. ಹುಲಿಕುಂಟೆಯಲ್ಲಿ ಗಂಟಲಲ್ಲೇ ನಿಂತ ಮಾತನ್ನು ಈಗ ಎಳೆಯಲೇಬೇಕಿತ್ತು, ಹರಿದರೂ. ಮುದುಕನ ಒರಟು ಕೈಯನ್ನು ಹಿಡಿದುಕೊಂಡಳು.

"ಅಪ್ಪಾ," ಎಂದಳು. "ನಾನು ನಿನ್ನ ಮಗಳಲ್ಲ ಅಂತ ಹೇಳಪ್ಪಾ."

ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಅವತ್ತೇ ನಿನಗೆ ಹೇಳ್ಬೇಕು ಅಂತ್ಲೇ ಬಂದಿದ್ದೆ. ಬಾಯಿ ಬರ್ಲಿಲ್ಲ. ನೀನು ಹೇಳ್ದಿದ್ರೆ ನನ್ನ ಕಳಿಸ್ತಾರೆ. ಬಿಂದು ಇಲ್ಲೇ ಉಳೀತಾಳೆ, ಅತ್ತೆ ಇಲ್ಲೇ ಉಳೀತಾರೆ. ಹೋದ್ರೆ ನಾನು ತಿರುಗಿ ಬರೋಕಾಗುತ್ತೋ ಇಲ್ವೋ ಯಾರ್ಗೂ ಗೊತ್ತಿಲ್ಲ. ನನ್ನ ಹೆತ್ತಪ್ಪ ಇದ್ದಿದ್ರೆ ಅವನನ್ನೂ ಇಂಗೇ ಕೇಳ್ತಿದ್ದೆ. ಹೇಳಪ್ಪಾ."

ಹೊರಗೆ ಯಾರದೋ ಟ್ರ್ಯಾಕ್ಟರು ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಮಹಾಲಿಂಗಯ್ಯ ಅವಳ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿದ್ದ. ಆಮೇಲೆ ಪೊಲೀಸಿನವನ ಕಡೆ ತಿರುಗಿದ.

"ಬರ್ಕಳಪ್ಪಾ," ಎಂದ. "ಇವಳು ನನ್ ಮಗಳಲ್ಲ."

"ಸಂಬಂಧ ಇಲ್ಲ."

"ಸಂಬಂಧ ಇಲ್ಲ."

ಮೋಹನ್ ಕುಮಾರ್ ಬರೆದದ್ದನ್ನು ಓದಿ ಹೇಳಿದ. ಮಹಾಲಿಂಗಯ್ಯ ಪೆನ್ನು ಹಿಡಿದು, ಹೊಲ ಉಳುವವನು ಸಾಲು ಹಿಡಿಯುವ ಹಾಗೆ, ಒಂದೊಂದೇ ಅಕ್ಷರವನ್ನು ಒತ್ತಿ ತನ್ನ ಹೆಸರು ಬರೆದ. ಬರೆದು ಮುಗಿಸಿದ ಮೇಲೂ ಪೆನ್ನನ್ನು ಹಿಡಿದೇ ಇದ್ದ; ಮೋಹನ್ ಕುಮಾರನೇ ಮೆಲ್ಲನೆ ಬಿಡಿಸಿಕೊಂಡ.

"ಇವತ್ತೇ ಮಧುಗಿರಿಗೆ ಕಳಿಸ್ತೀನಿ," ಎಂದು ಅವನು ಎದ್ದ. ಹೊಸ್ತಿಲ ಬಳಿ ನಿಂತು, ಯಾರ ಮುಖವನ್ನೂ ನೋಡದೆ ಸೇರಿಸಿದ: "ಮುಂದಿಂದು ನನ್ ಕೈಲಿಲ್ಲ. ಆಗುತ್ತೆ ಅನ್ಸುತ್ತೆ. ಗ್ಯಾರಂಟಿ ಹೇಳಕ್ಕಾಗಲ್ಲ."

ಗಾಡಿಯ ಸದ್ದು ದೂರವಾಯಿತು. ಯಾರೂ ಏಳಲಿಲ್ಲ. ಕೊನೆಗೆ ಈಶ್ವರಮ್ಮ ಕಣ್ಣೊರೆಸಿಕೊಂಡು, "ಸರ್ಲೇ, ಏಳಮ್ಮಾ. ಅಣ್ಣಂಗೆ ಎಲೆ ಹಾಕು. ಬೆಳಗಿನ್ ಬಸ್ಸಿಗೆ ಬಂದೋನು, ಹೊಟ್ಟೇಗೇನೂ ಇಲ್ಲ," ಎಂದಳು.

ಶ್ರೀಯಾನಿ ಒಳಗೆ ಹೋಗಿ, ಎಲೆ ಹಾಸಿ, ನೀರು ಚಿಮುಕಿಸಿ, ಬಿಸಿ ಮುದ್ದೆಯನ್ನೂ ಕಾಳಿನ ಸಾರನ್ನೂ ಬಡಿಸಿ ಬಂದಾಗ ಮಹಾಲಿಂಗಯ್ಯ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಎಲೆ ಹಾಕಿದೀನಪ್ಪ."

"ಬ್ಯಾಡವ್ವ."

"ನನ್ ಮೇಲೆ ಕೋಪಾನಾ?"

"ಕೋಪ ಯಾಕವ್ವಾ?" ಅವನು ಅವಳ ನೆತ್ತಿಯ ಮೇಲೆ ಕೈಯಿಡಲು ಎತ್ತಿ, ಅರ್ಧದಲ್ಲೇ ತಡೆದು, ಆ ಕೈಯಿಂದ ವಲ್ಲಿಯನ್ನು ಸರಿಮಾಡಿಕೊಂಡ. "ಇನ್ನೂ ಮಸಿ ಆರಿಲ್ಲ. ಈಗ ಈ ಮನೇಲಿ ಕೂತು ಉಂಡ್ರೆ, ನಾನು ಬರ್ಕೊಟ್ಟಿದ್ದು ಸುಳ್ಳಾಯ್ತದೆ. ನನ್ ಸುಳ್ಳು ನಿನ್ನ ಕಾಗ್ದಕ್ಕೆ ಹತ್ಕಂಡ್ರೆ? ಅದು ಮ್ಯಾಲಕ್ಕೆ ಹೋಗಿ, ಸೀಲು ಬಿದ್ದು, ನಿನ್ನ ಕೈಗೆ ಬರ್ಲಿ. ಅಲ್ಲೀಗಂಟ ನಾನು ಈ ಮನೇಗೆ ಹೊರಗ್ನೋನು."

"ಕೈಗೆ ಬರ್ದೇ ಹೋದ್ರೆ?"

ಅವನು ಬಾಗಿಲ ಕಡೆ ನಡೆದ. ಚಪ್ಪಲಿ ಮೆಟ್ಟಿದ. ಮಾರಕ್ಕ "ಅಣ್ಣಾ, ನೀರಾದ್ರೂ..." ಎಂದಳು; ಅವನು ತಂಗಿಯ ಕಡೆಗೂ ತಿರುಗಲಿಲ್ಲ. ಈ ಮನೆಯ ಬಾಗಿಲನ್ನು ಹಗಲಿನಲ್ಲಿ ಯಾರೂ ಹಾಕುವ ರೂಢಿಯಿರಲಿಲ್ಲ. ಬಂದವರು, ಹೋದವರು, ನಾಯಿ, ಗಾಳಿ ಎಲ್ಲಕ್ಕೂ ಅದು ತೆರೆದೇ ಇರುತ್ತಿತ್ತು. ಮಹಾಲಿಂಗಯ್ಯ ಹೊಸ್ತಿಲು ದಾಟಿ, ಅಪರಿಚಿತರ ಮನೆಯಿಂದ ಹೊರಟವರು ಮಾಡುವ ಹಾಗೆ, ಹಿಂದಕ್ಕೆ ಕೈಚಾಚಿ ಎರಡೂ ಕದಗಳನ್ನು ಎಳೆದು ಮುಚ್ಚಿದ.